ಶುರುವಾಗೋ ಮೊದಲೇ ಮುಗಿದ ಕೆಲಸ

ಸೀನ: ಲೋ, ಇಲ್ನೋಡ್ರೋ. ನಮ್ಮ ಸೈಟಿನ ಕೋಡಲ್ಲಿ ಪೇಮೆಂಟ್ ಫಂಕ್ಷನ್ನಿಗೆ ಹಿಡಿದ ಸಮಯ, ಮೈನಸ್ 12 ಮಿಲಿಸೆಕೆಂಡ್!

ನಾಣಿ: ಗಿರಾಕಿ ಬಟನ್ ಒತ್ತೋಕೆ ಮುಂಚೇನೇ ದುಡ್ಡು ಇಸ್ಕೊಂಡ್‌ಬಿಟ್ರಾ?

ವಿಶ್ವ: ರಿಫಂಡು ಮಾತ್ರ ಪ್ಲಸ್ ಏಳು ದಿನ.

ಸೀನ: ತಮಾಷೆ ಅಲ್ಲ ಕಣೋ. ಗಂಟೆ ಕೇಳೋಕೆ ಶುರುವಿನಲ್ಲಿ ಒಂದು ಡೇಟ್ ಡಾಟ್ ನೌ, ಕೊನೇಲಿ ಒಂದು. ಕಳೆದೆ. ತಪ್ಪೇನು?

ವಿಶ್ವ: ಅದು ಗೋಡೆ ಗಡಿಯಾರ ಕಣಯ್ಯ. ಮಧ್ಯೆ ನೆಟ್ಟಿಂದ ಟೈಮ್ ಸರಿಮಾಡೋ ಎನ್‌ಟಿಪಿ ಬಂದು ಮುಳ್ಳು ಹಿಂದಕ್ಕೆ ತಿರುಗಿಸಿದ್ರೆ ಇನ್ನೇನಾಗತ್ತೆ? ಎಷ್ಟು ಹೊತ್ತು ಹಿಡೀತು ಅಂತ ಬೇಕಾದ್ರೆ ಪರ್ಫಾರ್ಮೆನ್ಸ್ ಡಾಟ್ ನೌ ಹಾಕು, ಅದು ಹಿಂದಕ್ಕೆ ಹೋಗಲ್ಲ. ಈಗ ಗಂಟೆ ಎಷ್ಟು ಅಂತ ಮಾತ್ರ ಕೇಳ್ಬೇಡ.

ನಾಣಿ: ನಮ್ಮ ಮಾವ! ರಿಟೈರಾಗಿ ಎಷ್ಟು ದಿನ ಆಯ್ತು ಅಂತ ಲೆಕ್ಕ ತಪ್ಪಲ್ಲ, ಇವತ್ತು ಯಾವ ವಾರ ಅಂದ್ರೆ ಅತ್ತೆ ಮುಖ ನೋಡ್ತಾರೆ.

ಸೀನ: ಈಗ ಬದಲಾಯಿಸೋ ಹಾಗಿಲ್ವಲ್ಲೋ. ಮ್ಯಾನೇಜರ್ರು ಆಗ್ಲೇ ಸ್ಲೈಡಿಗೆ ಹಾಕಿದಾರೆ. ಮುಂದಿನ ಟಾರ್ಗೆಟ್ಟು ಮೈನಸ್ 20.

ವಿಶ್ವ: ಹಿಂದಿನ ವರ್ಷದವರೆಗೂ ಹೋಗ್ಲಿ ಬಿಡು, ಆಗ ಇನ್ನೂ ಬಗ್ ಇರ್ಲಿಲ್ಲ. ಅಲ್ಲಾ, ಎಷ್ಟು ಫಂಕ್ಷನ್ನಿಗೆ ಹೀಗೆ ಹಾಕಿದೀಯ?

ಸೀನ: ಎಲ್ಲಕ್ಕೂ. ಸಾಲು ಸಾಲಾಗಿ ಫೈಲಿಗೆ ಬರೀತಿದೆ.

ವಿಶ್ವ: ಸಿಂಕ್ ಆಗಿ? ಒಂದು ಸಾಲು ಬರೆದು ಮುಗಿಯೋವರೆಗೂ ನಮ್ಮ ಸರ್ವರ್ ಓಡಿಸೋ ನೋಡ್ ಜೆಎಸ್ ಇನ್ಯಾರ ರಿಕ್ವೆಸ್ಟೂ ಮುಟ್ಟಲ್ಲ ಕಣೋ! ಸೈಟು ಯಾಕೆ ನಿಧಾನ ಅಂತ ಬರೆದೂ ಬರೆದೂ ನೀನೇ ನಿಧಾನ ಮಾಡ್ತಿದೀಯ.

ಸೀನ: ಹಾಗಾದ್ರೆ ಬರೆಯೋಕೆ ಎಷ್ಟು ಹೊತ್ತು ಹಿಡೀತು ಅಂತಾನೂ ಒಂದು ಲಾಗ್...

ನಾಣಿ: ಇವನ ಬಾಯಿಗೊಂದು ಬೋಂಡಾ ತುರುಕ್ರೋ!

ಸೀನ: ಏನೇ ಹೇಳಿ, ಸರಾಸರಿ 80 ಮಿಲಿಸೆಕೆಂಡೂ ಇಲ್ಲ.

ವಿಶ್ವ: 99 ಜನಕ್ಕೆ 50 ಮಿಲಿಸೆಕೆಂಡು, ನೂರನೆಯವರಿಗೆ 3 ಸೆಕೆಂಡು ಹಿಡಿದ್ರೂ ಸರಾಸರಿ 80ರೊಳಗೇ ಬರತ್ತೆ. ಎಲ್ಲರಿಗಿಂತ ಹೆಚ್ಚು ಕಾದವರ ಲೆಕ್ಕ ನೋಡು. ಅದೂ ರಿಕ್ವೆಸ್ಟು ಸರ್ವರ್ ಬಾಗಿಲಿಗೆ ಬಂದಮೇಲಿನ ಲೆಕ್ಕ. ನಮ್ಮಮ್ಮ ತೀರ್ಥಹಳ್ಳೀಲಿ ಒಂದು ಗೀಟು ನೆಟ್‌ವರ್ಕಲ್ಲಿ ಕರೆಂಟ್ ಬಿಲ್ ಕಟ್ತಾಳೆ. ಚಕ್ರ ತಿರುಗ್ತಾನೇ ಇರತ್ತೆ. ಆಮೇಲೆ ನಂಗೆ ಫೋನು, "ನಾನೇ ಏನೋ ತಪ್ಪು ಒತ್ತಿದೆ ಕಾಣತ್ತೆ ಮಗಾ" ಅಂತ.

ಸೀನ: ...

ನಾಣಿ: ಏ, ಮೊದಲು ಮೆಸೇಜ್ ನೋಡೋ ಸೀನ. ಲಾಗ್ ತುಂಬಿ ಡಿಸ್ಕಲ್ಲಿ ಜಾಗ ಇಲ್ವಂತೆ, ಸೈಟೇ ಮಲಗಿದೆಯಂತೆ!

ಸೀನ: ಅಯ್ಯೋ! ಎಷ್ಟು ಹೊತ್ತಾಯ್ತಂತೆ?

ನಾಣಿ: ಗೊತ್ತಿಲ್ವಂತೆ. ಬರ್ಕೊಳೋಕೆ ಜಾಗ ಇರ್ಲಿಲ್ವಲ್ಲ.