ಸಣ್ಣ ಹವಳದ್ವೀಪದಲ್ಲಿ ಎಷ್ಟು ಪ್ರವಾಸಿಗರಿಗೆ ಜಾಗ ಮಾಡಬಹುದು?

ಪ್ರಶ್ನೆ:
ಹಳ್ಳ-ಹೊಳೆ ಇಲ್ಲದ, ಹವಳದ ಮರಳಿನ ಸಣ್ಣ ದ್ವೀಪ. ಕುಡಿಯಲು ತೋಡುಬಾವಿಗಳೇ ಗತಿ. 20 ಜನ ತಂಗುವಷ್ಟು ಕೋಣೆ ಕಟ್ಟುವ ಯೋಜನೆ ಇದೆ. ಒಂದು ಬೋರ್‌ವೆಲ್, ಒಂದು ಸೆಪ್ಟಿಕ್ ಟ್ಯಾಂಕ್ ಸಾಕಾಗುತ್ತದೆಯೇ? ಪ್ರವಾಸಿಗರ ಮಿತಿಯನ್ನು ಯಾವ ಲೆಕ್ಕದ ಮೇಲೆ ನಿಗದಿ ಮಾಡಬೇಕು?

ಉತ್ತರ 1:
ದಯವಿಟ್ಟು ಬೋರ್‌ವೆಲ್ ಬೇಡ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಪಂಪು ನೀರಿನ ಮಟ್ಟವನ್ನು 10 ಸೆಂ.ಮೀ. ತಗ್ಗಿಸಿದರೆ ಅಡಿಯ ಉಪ್ಪುನೀರು ಸುಮಾರು 4 ಮೀಟರ್‌ವರೆಗೂ ಮೇಲೇರಬಹುದು. ಎರಡರ ಸಾಂದ್ರತೆಯ ಅಂತರ ಅಷ್ಟು ಕಡಿಮೆ. ಆಳಕ್ಕೆ ಹೋದಷ್ಟೂ ಉಪ್ಪು ಬೇಗ ಸಿಗುತ್ತದೆ, ಅಕ್ಕಪಕ್ಕದ ಮನೆಗಳ ಬಾವಿಯೂ ಕೆಡುತ್ತದೆ. ಬದಲಿಗೆ ನೀರಿನ ಮಟ್ಟಕ್ಕಿಂತ ತುಸುವೇ ಕೆಳಗೆ, ತೂತಿನ ಪೈಪನ್ನು ಜಲ್ಲಿಯ ನಡುವೆ ಅಡ್ಡಲಾಗಿ ಹೂಳಿ, ಚಿಕ್ಕ ಪಂಪಿನಿಂದ ನಿಧಾನವಾಗಿ ಎತ್ತಿ. ವಾರಕ್ಕೊಮ್ಮೆ ನೀರಿನ ವಿದ್ಯುತ್ ವಾಹಕತೆ ಅಳೆಯಿರಿ, ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ. ಸೆಂಟಿಮೀಟರಿಗೆ 2,500 ಮೈಕ್ರೋಸೀಮೆನ್ಸ್ ಹತ್ತಿರ ಬರುವ ಮೊದಲೇ ಎತ್ತುವುದನ್ನು ತಗ್ಗಿಸಬೇಕು.

ಉತ್ತರ 2:
ಮಿತಿಯನ್ನು ಬೇಸಿಗೆಯ ನೀರಿಗೆ ಕಟ್ಟಿಹಾಕಿ, ವರ್ಷದ ಸರಾಸರಿ ಮಳೆಗಲ್ಲ. ಒಬ್ಬರಿಗೆ ದಿನಕ್ಕೆ 150 ಲೀಟರ್ ಎಂದರೂ 20 ಜನರಿಗೆ 3,000 ಲೀಟರ್. ಮಳೆಯಿಲ್ಲದ 120 ದಿನಕ್ಕೆ 3.6 ಲಕ್ಷ ಲೀಟರ್. ಚಾವಣಿ 100 ಚದರ ಮೀಟರ್ ಇದ್ದರೆ 100 ಮಿ.ಮೀ. ಮಳೆಗೆ ಕೈಗೆ ಸಿಗುವುದು ಸುಮಾರು 8,000 ಲೀಟರ್. ಮೊದಲು ಟ್ಯಾಂಕಿಗೆ ಎಷ್ಟು ಜಾಗವಿದೆ ನೋಡಿ, ಆಮೇಲೆ ಹಾಸಿಗೆ ಎಣಿಸಿ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ 100 ಲೀಟರಿಗೆ ಕೊಡುವುದು 40 ಲೀಟರ್ ಆಸುಪಾಸು. ಉಳಿದ ಗಾಢ ಉಪ್ಪುನೀರನ್ನು ಅಲೆಯಿಲ್ಲದ ಲಗೂನಿಗೆ (ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿಗೆ) ಬಿಟ್ಟರೆ ತಳದಲ್ಲೇ ನಿಲ್ಲುತ್ತದೆ.

ಉತ್ತರ 3:
ನೀರಿನಷ್ಟೇ ಮುಖ್ಯ ಕೊಳಚೆ, ಇದನ್ನೇ ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಸೆಪ್ಟಿಕ್ ಟ್ಯಾಂಕ್ ಸಾರಜನಕವನ್ನು ಹೆಚ್ಚೇನೂ ತೆಗೆಯುವುದಿಲ್ಲ. ಮರಳು ಅದನ್ನು ತಡೆಯದೆ ಬಾವಿಗೂ ಲಗೂನಿಗೂ ಇಳಿಸುತ್ತದೆ. ಅದೇ ಗೊಬ್ಬರವಾಗಿ ಪಾಚಿ ಹಬ್ಬಿ ಹವಳವನ್ನು ಮುಚ್ಚುತ್ತದೆ. ಫಿಲಿಪ್ಪೀನ್ಸ್‌ನ ಬೊರಾಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಮುಚ್ಚಲು ದೊಡ್ಡ ಕಾರಣ ಸಮುದ್ರ ಸೇರುತ್ತಿದ್ದ ಕೊಳಚೆಯೇ. ತಳ ಸೋರದ ಎರಡು ಗುಂಡಿಯ ಕಾಂಪೋಸ್ಟ್ ಶೌಚಾಲಯ ಮಾಡಿ. ಮೂತ್ರ ಬೇರೆ ಹೋಗಲಿ, ಪ್ರತಿ ಸಲ ಒಂದು ಹಿಡಿ ತೆಂಗಿನ ನಾರಿನ ಪುಡಿ ಬೀಳಲಿ. ವಾಸನೆ ಬಂತೆಂದರೆ ಹೆಚ್ಚಾಗಿ ತೇವ ಜಾಸ್ತಿಯಾಗಿದೆ ಎಂದೇ ಅರ್ಥ. ಇನ್ನು ಮಿತಿ: ‘ವರ್ಷಕ್ಕೆ ಇಷ್ಟು’ ಎಂದರೆ ಎಲ್ಲರೂ ಒಂದೇ ತಿಂಗಳು ಬಂದುಬಿಡುತ್ತಾರೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿರುವುದು ಒಂದು ಹೊತ್ತಿಗೆ 400 ಪ್ರವಾಸಿಗರ ಮಿತಿ. ಆ ರೀತಿಯೇ ಸರಿ.

ಪ್ರಶ್ನೆ ಕೇಳಿದವರು:
ಬೆಳಿಗ್ಗೆ ಬಂದು ಸಂಜೆ ಹೋಗುವ ದೋಣಿಗಳ ಲೆಕ್ಕ?

ಉತ್ತರ 3:
ಅವರೂ ಶೌಚಾಲಯ ಬಳಸುತ್ತಾರೆ, ಆ ಲೆಕ್ಕದಲ್ಲೇ ಸೇರಿಸಿ. ಹವಳದ ಮೇಲೆ ಲಂಗರು ಹಾಕಲು ಬಿಡಬೇಡಿ. ಮರಳುತಳದಲ್ಲಿ ಭದ್ರವಾಗಿ ನೆಟ್ಟ, ದೋಣಿ ಕಟ್ಟುವ ತೇಲುಬುರುಡೆ ಇಟ್ಟು, ಬುರುಡೆಗೊಂದೇ ದೋಣಿ ಎಂದರೆ ದೋಣಿಗಳ ಮಿತಿಯೂ ಅಲ್ಲೇ ಆಯಿತು.