ಕಡಲತೀರದ ಬಂಗಲೆಯ ಸಾಮಾನು ಹರಾಜು: ಮೌಲ್ಯಮಾಪಕರೊಂದಿಗೆ ಪ್ರಶ್ನೋತ್ತರ (ಕೇಳುವವರನ್ನು ಊರಿನ ಹೆಸರಿನಿಂದ ಗುರುತಿಸಿದೆ)

ಸುರತ್ಕಲ್: ನಮಸ್ಕಾರ ಸರ್. ಸಮುದ್ರದ ಬದಿಯ ಅಜ್ಜನ ಬಂಗಲೆ ಖಾಲಿ ಮಾಡ್ತಿದ್ದೇವೆ, ನಾಲ್ಕು ಜನ ಪಾಲುದಾರರು. ಬೀಟೆ ಮಂಚ, ರವಿವರ್ಮನ ಲಕ್ಷ್ಮಿ ಪಟ, ದಂತದ ಪೆಟ್ಟಿಗೆ ಇವೆ. ಪಟಕ್ಕೆ ಬೂಷ್ಟು ಹಿಡಿದಿದೆ, ಒರೆಸಬಹುದಾ?

ಮೌಲ್ಯಮಾಪಕ: ಪಟ ಒರೆಸಬೇಡಿ. 10 ಪಟ್ಟಿನ ಭೂತಗನ್ನಡಿಯಲ್ಲಿ ಲಕ್ಷ್ಮಿಯ ಕೆನ್ನೆ ನೋಡಿ. ಬಣ್ಣದ ಚುಕ್ಕೆಗಳಿದ್ದರೆ ಮುದ್ರಿತ ಪ್ರತಿ. ಕ್ಯಾನ್ವಾಸಿನಂಥ ಗೆರೆ ಕಂಡು ನಂಬಬೇಡಿ, ಕಾಗದದ ಮೇಲೂ ಅದನ್ನು ಒತ್ತುತ್ತಿದ್ದರು. ಕೈಯಿಂದ ಬರೆದದ್ದಾದರೆ ವಿಷಯವೇ ಬೇರೆ: ರವಿವರ್ಮನ ಮೂಲಕೃತಿ ಕಾನೂನಿನಲ್ಲಿ ಕಲಾನಿಧಿ, ಅಂದರೆ ದೇಶದ ಕಲಾಸಂಪತ್ತು, ದೇಶದಾಚೆ ಹೋಗುವಂತಿಲ್ಲ. ನೂರು ವರ್ಷ ದಾಟಿದ ವರ್ಣಚಿತ್ರಕ್ಕೆ ನೋಂದಣಿ ಬೇಕು, ಮಾರಿದರೆ ಪುರಾತನ ವಸ್ತುಗಳ ನೋಂದಣಾಧಿಕಾರಿಗೆ ತಿಳಿಸಬೇಕು.

ಉಪ್ಪುಗಾಳಿಯ ಗೋಡೆಯಿಂದ ಇಳಿಸಿ ಒಣ ಕೋಣೆಯಲ್ಲಿಡಿ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಬಣ್ಣ ಗಾಜಿನಲ್ಲೇ ಉಳಿಯುತ್ತದೆ. ದಂತದ ಪೆಟ್ಟಿಗೆ ಪಟ್ಟಿಯಿಂದ ತೆಗೆಯಿರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಳೆಯದು ಎಂದು ಮಾರಲು ಬರುವುದಿಲ್ಲ.

ಕುಂದಾಪುರ: ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಪಟ ಫಳಫಳ ಅಂತ ವಾಟ್ಸಾಪಲ್ಲಿ ಬಂದಿದೆ.

ಮೌಲ್ಯಮಾಪಕ: ಬೇಡ. ಪಿಷ್ಟ ಬಿರುಕಿಗಿಳಿದು ಬೂಷ್ಟಿಗೆ ಆಹಾರವಾಗುತ್ತದೆ.

ಮಲ್ಪೆ: ಮಂಚಕ್ಕೆ ಪಾಲಿಶ್ ಮಾಡಿಸಿದರೆ ರೇಟು ಹೆಚ್ಚಾಗುತ್ತದಾ?

ಮೌಲ್ಯಮಾಪಕ: ಇಲ್ಲ. ಮರಳುಕಾಗದ ತಾಗಿದರೆ ಹಳೆಯ ಅರಗಿನ ಮೆರುಗು ಹೋಯಿತು, ಬೆಲೆಯೂ ಹೋಯಿತು.

ಮಂಗಳೂರು: ಹೊಳಪಿಲ್ಲದ ಮಂಚ ಯಾರು ಕೊಳ್ತಾರೆ ಮಾರಾಯ್ರೆ?

ಉಡುಪಿ: ಗುಜರಿ ಗಿರಾಕಿ ಬೇರೆ, ಹರಾಜಿನ ಗಿರಾಕಿ ಬೇರೆ. ಹರಾಜಿನವನು ಮೊದಲು ನೋಡೋದು ಕಾಲಿನ ತಳ, ಜೋಡಣೆ, ಹುಳದ ತೂತು.

ಮಂಗಳೂರು: ನೀವೆಷ್ಟು ಮಂಚ ಮಾರಿದ್ದೀರಿ?

ಉಡುಪಿ: ಹಾಳು ಮಾಡಿದವರದ್ದು ಬೇಕಾದಷ್ಟು ನೋಡಿದ್ದೇನೆ.



ಕಾರವಾರ: ಟ್ಯಾಕ್ಸ್ ಬರುತ್ತದಾ ಸರ್?

ಮೌಲ್ಯಮಾಪಕ: ಸ್ವಂತ ಬಳಕೆಯ ಮಂಚ, ಮೇಜಿಗೆ ಇಲ್ಲ. ಚಿತ್ರ, ಶಿಲ್ಪದ ಲಾಭಕ್ಕೆ ಇದೆ. ಆಸ್ತಿ 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಖರೀದಿ ಬೆಲೆಯಾಗಿ ತೋರಿಸಬಹುದು. ಆ ಬೆಲೆಗೆ ಮೌಲ್ಯಮಾಪನ ವರದಿ ಮಾಡಿಸಿಟ್ಟುಕೊಳ್ಳಿ.

ಕುಂದಾಪುರ: ಆಲೂಗಡ್ಡೆ ಬೇಡ ಅಂದ್ರೆ ಟೂತ್‌ಪೇಸ್ಟ್?

ಮೌಲ್ಯಮಾಪಕ: ಅದರಲ್ಲಿ ಉಜ್ಜುವ ಪುಡಿ ಇದೆ, ಬಣ್ಣ ಸವೆಯುತ್ತದೆ. ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಮಲ್ಪೆ: ಮಂಚಕ್ಕೆ ಬರೀ ಮೇಣ ಹಚ್ಚಬಹುದಾ?

ಮೌಲ್ಯಮಾಪಕ: ಮೇಲೆ ಹೇಳಿದೆನಲ್ಲ. ಒಣಬಟ್ಟೆ ಸಾಕು.

ಸುರತ್ಕಲ್: ನೋಡಿದೆ ಸರ್. ಕೆನ್ನೆಯಲ್ಲಿ ಚುಕ್ಕೆ ಇದೆ. ಸೀರೆ ಅಂಚಿಗೆ ಜರಿ ಹೊಲಿದಿದ್ದಾರೆ. ಬೆಲೆ ಇಲ್ವಾ?

ಮೌಲ್ಯಮಾಪಕ: ಇದೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಪ್ರೆಸ್ಸಿನದ್ದಿರಬಹುದು. ಜರಿ ಬಿಚ್ಚಬೇಡಿ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರಿದೆಯೇ ನೋಡಿ, ಚೌಕಟ್ಟಿನಡಿ ಮುಚ್ಚಿರಬಹುದು. ಚೌಕಟ್ಟಿಗಾಗಿ ಅಂಚು ಕತ್ತರಿಸಿದ್ದರೆ ಬೆಲೆ ಇಳಿಯುತ್ತದೆ. ಫೋಟೊ, ಅಳತೆ ಸಹಿತ ಪಟ್ಟಿ ಮಾಡಿ, ನಾಲ್ವರೂ ಸಹಿ ಹಾಕಿ. ಒಬ್ಬರ ಸಹಿ ತಪ್ಪಿದರೂ ಹರಾಜು ನಡುವೆ ನಿಲ್ಲಬಹುದು.