ಪಾಲಿಷ್ ಕಾಂಕ್ರೀಟ್ ನೆಲ: 15 ದಿನಕ್ಕೆ ಉಜ್ಜಿ ಸೀಲರ್ ಹೊಡೆದರೆ ಸಾಕೇ?

ಹೊಸನೆಲ:
ನಮಸ್ಕಾರ. ಮುಂದೆ ಅಂಗಡಿ, ಹಿಂದೆ ಮನೆ, ಎರಡೂ ಸೇರಿ ಸುಮಾರು 90 ಚದರ ಮೀಟರ್. ನೆಲಮಹಡಿಗೆ 100 ಮಿ.ಮೀ. ದಪ್ಪದ ಕಾಂಕ್ರೀಟ್ ಹಾಸು ಇನ್ನೂ ಹಾಕಬೇಕಿದೆ. ಟೈಲ್ಸ್ ಬೇಡ, ಆ ಕಾಂಕ್ರೀಟನ್ನೇ ಪಾಲಿಷ್ ಮಾಡಿಸುವ ಯೋಚನೆ. ಗುತ್ತಿಗೆದಾರರು ಹೇಳುವುದು ಇಷ್ಟು: ಹಾಕಿದ 15 ದಿನಕ್ಕೆ ಒಂದು ಸಲ ಉಜ್ಜುವುದು, ಮೇಲೆ ಹೊಳೆಯುವ ಸೀಲರ್ ಎರಡು ಕೋಟ್. "ನೋಡೋಕೆ ಎರಡೂ ಒಂದೇ" ಅನ್ನುತ್ತಾರೆ. ಹೌದೇ? ಮೊದಲ ಮಹಡಿಯಲ್ಲಿ ಈಗಾಗಲೇ 40 ಮಿ.ಮೀ. ಸಿಮೆಂಟ್ ಗಾರೆ ನೆಲ ಇದೆ, ಅದನ್ನೂ ಪಾಲಿಷ್ ಮಾಡಬಹುದೇ? ಕಾಂಕ್ರೀಟ್ ಹಾಕುವ ಮೊದಲು ಯಾವ್ಯಾವುದನ್ನು ಪಕ್ಕಾ ಮಾಡಿಕೊಳ್ಳಬೇಕು?

ವಜ್ರಪುಡಿ:
ಮೊದಮೊದಲು ನೋಡೋಕೆ ಒಂದೇ, ನಿಜ. ಆದರೆ ಅವರು ಹೇಳುತ್ತಿರುವುದು ಪಾಲಿಷ್ ಅಲ್ಲ, ಕೋಟಿಂಗ್. ಅಲ್ಲಿ ಹೊಳೆಯುವುದು ಮೇಲೆ ಕೂತ ಪೊರೆ. ಜನ ಹೆಚ್ಚು ಓಡಾಡುವ ಕಡೆ ಪೊರೆ ಸವೆದು ಮಂಕಾದ ದಾರಿ ಬೀಳುತ್ತದೆ. ಅಡಿಯಿಂದ ತೇವ ಬಂದರೆ ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಪಾಲಿಷ್‌ನಲ್ಲಿ ಹೊಳೆಯುವುದು ಕಾಂಕ್ರೀಟೇ. ಕೋಟಿಂಗ್ ಮಾಡಿಸಬಾರದು ಅಂತಲ್ಲ, ಪಾಲಿಷ್ ಅಂತ ಬರೆದು ಕೋಟಿಂಗ್ ಕೊಡಬಾರದು.

15 ದಿನ ಬೇಡ, 28 ದಿನ ಕಾಯಿರಿ. ಹಸಿ ಇರುವಾಗ ಉಜ್ಜಿದರೆ ಮರಳಿನ ಕಣಗಳಿಗೆ ಹಿಡಿತ ಸಾಲದೆ ಕಿತ್ತು ಬರುತ್ತವೆ. ನೆಲದ ತುಂಬ ಸೂಜಿಮೊನೆಯಷ್ಟು ಗುಂಡಿ ಉಳಿದು, ಮುಂದೆ ಅದರಲ್ಲೆಲ್ಲ ಕೊಳೆ ಕೂರುತ್ತದೆ.

ಇನ್ನು ಕಾಂಕ್ರೀಟ್. ನೆಲದ ಮುಕ್ಕಾಲು ಹಣೆಬರಹ ಹಾಕುವ ದಿನವೇ ಮುಗಿದಿರುತ್ತದೆ. 28 ದಿನದ ಬಲ 25ರಿಂದ 30 ಮೆಗಾಪಾಸ್ಕಲ್ ಇರಲಿ. ನೀರು ಸಿಮೆಂಟ್ ಅನುಪಾತ 0.45ರಿಂದ 0.50, ಅಂದರೆ 50 ಕೆ.ಜಿ. ಚೀಲಕ್ಕೆ ಮರಳಿನಲ್ಲಿರುವ ತೇವವೂ ಸೇರಿ 22.5ರಿಂದ 25 ಲೀಟರ್. ಹರಡೋಕೆ ಸಲೀಸಾಗಲಿ ಎಂದು ಪೈಪ್ ಹಿಡಿದು ನೀರು ಬಿಟ್ಟರೆ ಸಿಮೆಂಟ್ ಹಾಲು ಮೇಲೆ ಬಂದು ಮೇಲ್ಪದರ ಪುಡಿಪುಡಿಯಾಗುತ್ತದೆ, ಎಷ್ಟು ಉಜ್ಜಿದರೂ ಹೊಳಪು ನಿಲ್ಲುವುದಿಲ್ಲ. ಹರಿವು ಬೇಕಿದ್ದರೆ ಪ್ಲಾಸ್ಟಿಸೈಸರ್ ಹಾಕಿಸಿ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಲು ಬಿಡಬೇಡಿ, ಕಪ್ಪು ಮಚ್ಚೆ ಬಂದರೆ ಹೋಗುವುದಿಲ್ಲ. ಹಾಸಿನ ಅಡಿಗೆ 250 ಮೈಕ್ರಾನಿನ ಪಾಲಿಥಿನ್ ಹಾಳೆ, ಜೋಡಣೆಯಲ್ಲಿ ಕನಿಷ್ಠ 150 ಮಿ.ಮೀ. ಒಂದರ ಮೇಲೊಂದು ಬರಲಿ.

ಕ್ಯೂರಿಂಗ್‌ಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೇ ಒಳ್ಳೆಯದು, ಕನಿಷ್ಠ 7 ದಿನ. ಪ್ಲಾಸ್ಟಿಕ್ ಹೊದಿಸಿದರೆ ಮಡಿಕೆ ಬಿದ್ದ ಕಡೆ ಗೆರೆ ಮೂಡುತ್ತದೆ. ಅರ್ಧ ನೆಲ ಒಣಗಿ ಅರ್ಧ ಒದ್ದೆಯಿದ್ದರೆ ಬಣ್ಣ ಎರಡಾಗುತ್ತದೆ.

ರಸಮಟ್ಟ:
ಮೇಲಿನದಕ್ಕೆ ಎರಡು ಸೇರಿಸಬೇಕು, ಮಟ್ಟ ಮತ್ತು ಜಾಯಿಂಟ್.

ಎಷ್ಟು ಜಲ್ಲಿ ಕಾಣಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ. ಮೇಲ್ಮೈಯನ್ನಷ್ಟೇ ಸವರಿದರೆ ಸಿಮೆಂಟಿನ ಬೂದು ಬಣ್ಣ ಉಳಿಯುತ್ತದೆ. 1.5 ಮಿ.ಮೀ. ಹತ್ತಿರ ತೆಗೆದರೆ ಮರಳಿನ ಚುಕ್ಕಿ ಕಾಣುತ್ತದೆ. ಜಲ್ಲಿ ಪೂರ್ತಿ ತೆರೆಯಬೇಕೆಂದರೆ 3ರಿಂದ 6 ಮಿ.ಮೀ. ಹೋಗಬೇಕು. ಮಷಿನ್ ಮಾತ್ರ ನೆಲ ಹೇಗಿದೆಯೋ ಹಾಗೇ ಓಡುತ್ತದೆ: ಉಬ್ಬಿದ ಕಡೆ ಜಲ್ಲಿ, ತಗ್ಗಿದ ಕಡೆ ಬರೀ ಸಿಮೆಂಟ್, ನೆಲವೆಲ್ಲ ಭೂಪಟದ ಹಾಗೆ. ಹಾಕುವಾಗಲೇ 3 ಮೀಟರ್ ಪಟ್ಟಿ ಇಟ್ಟು ನೋಡಿ, ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಮರಳಿನ ಚುಕ್ಕಿ ಎಲ್ಲೆಡೆ ಒಂದೇ ಸಮ ಬರುವುದು ಅತಿ ಕಷ್ಟ, ಅದನ್ನು ಮಾತು ಕೊಡುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಜಾಯಿಂಟ್ ಅಂದರೆ ಬಿರುಕು ಎಲ್ಲೆಂದರಲ್ಲಿ ಬೀಳದಂತೆ ಗರಗಸದಿಂದ ಮೊದಲೇ ಕೊಯ್ಯುವ ಗೆರೆ: 100 ಮಿ.ಮೀ. ಹಾಸಿಗೆ 2.5ರಿಂದ 3 ಮೀಟರಿಗೆ ಒಂದು, ಆದಷ್ಟು ಚೌಕವಾಗಿ. ಆಳ ದಪ್ಪದ ಕಾಲು ಭಾಗಕ್ಕಿಂತ ಕಡಿಮೆ ಬೇಡ, ಇಲ್ಲಿ 25ರಿಂದ 30 ಮಿ.ಮೀ. ಕಂಬದ ಮೂಲೆ, ಗೋಡೆ ಒಳಕ್ಕೆ ತಿರುಗುವ ಮೂಲೆಗಳಿಗೆ ಗೆರೆ ತಾಗಲೇಬೇಕು, ಬಿರುಕು ಹೊರಡುವುದು ಅಲ್ಲಿಂದಲೇ. ಯಾವಾಗ ಕೊಯ್ಯಬೇಕು ಎಂಬುದಕ್ಕೆ ಗಡಿಯಾರ ನೋಡಬೇಡಿ. ಒಂದು ಅಡಿ ಕೊಯ್ದು ಅಂಚು ನೋಡಿ. ಜಲ್ಲಿ ಕಿತ್ತು ಬಂದು ಅಂಚು ಹರಿದರೆ ಬೇಗ ಆಯಿತು. ಬ್ಲೇಡಿನ ಮುಂದೆ ಬಿರುಕು ತಾನಾಗಿ ಓಡಿದರೆ ತಡವಾಯಿತು. ಮಾಮೂಲಿ ಗರಗಸಕ್ಕೆ ಹೆಚ್ಚಾಗಿ ಅದೇ ದಿನ ಸಂಜೆ ಅಥವಾ ರಾತ್ರಿ. ಮರುದಿನ ಬೆಳಿಗ್ಗೆ ಬರುತ್ತೇವೆ ಅಂದರೆ ಬಿಸಿಲಲ್ಲಿ ಹಾಕಿದ ನೆಲ ಕಾಯುವುದಿಲ್ಲ.

ಹೊಸನೆಲ:
ತುಂಬ ಉಪಕಾರ. ಹಾಗಾದರೆ ಪಾಲಿಷ್ ನಡೆಯುವಾಗ ನಾನು ನಿಂತು ಏನು ನೋಡಬೇಕು? ಅಡುಗೆಮನೆಯಲ್ಲಿ, ಬಚ್ಚಲ ಬಾಗಿಲ ಮುಂದೆ ಜಾರುತ್ತದಾ?

ವಜ್ರಪುಡಿ:
ಮೊದಲು ಗಡಸುತನ. ಮೋಸ್ ಪೆನ್ನುಗಳಿಂದ (ಬೇರೆಬೇರೆ ಗಡಸಿನ ಮೊನೆಯಿರುವ, ಗಡಸುತನ ಅಳೆಯುವ ಪೆನ್ನುಗಳು) ಗೀರಿ ನೋಡುತ್ತಾರಾ ಕೇಳಿ. ಉಜ್ಜುವ ಬಿಲ್ಲೆಯಲ್ಲಿ ವಜ್ರದ ಹರಳನ್ನು ಹಿಡಿದಿಡುವ ಲೋಹ ಅಥವಾ ರೆಸಿನ್ (ರಾಳ) ಇರುತ್ತದಲ್ಲ, ಅದೇ ಬಾಂಡ್. ಗಡಸು ಕಾಂಕ್ರೀಟಿಗೆ ಮೆದು ಬಾಂಡಿನ ವಜ್ರ, ಮೆದು ಕಾಂಕ್ರೀಟಿಗೆ ಗಡಸು ಬಾಂಡ್, ಲೆಕ್ಕ ತಿರುಗಾಮುರುಗಾ. ಗಡಸು ನೆಲಕ್ಕೆ ಗಡಸು ಬಾಂಡ್ ಹಾಕಿದರೆ ಲೋಹ ಸವೆಯದೆ ವಜ್ರದ ಹರಳು ಹೊರಗೆ ಬರುವುದಿಲ್ಲ, ಬಿಲ್ಲೆ ಮುಟ್ಟಿದರೆ ಗಾಜಿನ ಹಾಗೆ ನುಣುಪು. ಮಷಿನ್ ಓಡುತ್ತಿರುತ್ತದೆ, ಧೂಳೇ ಏಳುವುದಿಲ್ಲ. ಮೆದು ನೆಲಕ್ಕೆ ಮೆದು ಬಾಂಡ್ ಹಾಕಿದರೆ ಬಿಲ್ಲೆ ಒಂದೇ ದಿನದಲ್ಲಿ ಕರಗುತ್ತದೆ.

ಕ್ರಮ: ಮೆಟಲ್ ಬಾಂಡ್ 30 ಅಥವಾ 40 ಗ್ರಿಟ್ (ವಜ್ರಕಣದ ನಂಬರು, ಹೆಚ್ಚಿದಷ್ಟೂ ನಯ), ಆಮೇಲೆ 80, 150. ಈ ಹಂತದಲ್ಲಿ ಗುಂಡಿ ತುಂಬುವ ಗ್ರೌಟ್. ನೆಲ ತೊಳೆದು ಒಣಗಿಸಿ ಡೆನ್ಸಿಫೈಯರ್. ಆಮೇಲೆ ರೆಸಿನ್ 100, 200, 400, 800. ಮೆಟಲ್ 150 ಆದ ಮೇಲೆ ರೆಸಿನ್ 100ಕ್ಕೆ ಹಿಂದೆ ಹೋಗುವುದು ತಪ್ಪಲ್ಲ. ಒಂದೇ ನಂಬರಿದ್ದರೂ ಮೆಟಲ್ಲಿನ ಗೀರು ರೆಸಿನ್ನಿನ ಗೀರಿಗಿಂತ ಆಳ. 80ರಿಂದ ನೇರ 400ಕ್ಕೆ ಹಾರಿದರೆ ಹೊಳಪು ಬರುತ್ತದೆ, ಅದರ ಅಡಿಯಲ್ಲೇ ಸುರುಳಿ ಗೀರುಗಳೂ ಇರುತ್ತವೆ. ಪ್ರತಿ ಹಂತ ಮುಗಿದಾಗ ಒಂದು ಚದರ ಮೀಟರ್ ಒರೆಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಡಿ. ಉಳಿದ ಗೀರು ಬಿಳಿ ಎಳೆಯಾಗಿ ಎದ್ದು ಕಾಣುತ್ತದೆ. ಕಂಡರೆ ಮುಂದಿನ ಗ್ರಿಟ್‌ಗೆ ಹೋಗಲು ಬಿಡಬೇಡಿ. ಒಂದು ಹಂತ ಉದ್ದಕ್ಕೆ ಓಡಿಸಿದರೆ ಮುಂದಿನದು ಅಡ್ಡಕ್ಕೆ.

ಡೆನ್ಸಿಫೈಯರ್ ಎಂದರೆ ಲಿಥಿಯಂ, ಸೋಡಿಯಂ ಅಥವಾ ಪೊಟ್ಯಾಸಿಯಂ ಸಿಲಿಕೇಟ್. ಕಾಂಕ್ರೀಟಿನಲ್ಲಿ ಉಳಿದಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಸೇರಿ ಗಟ್ಟಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಆಗಿ ರಂಧ್ರ ತುಂಬುತ್ತದೆ. ಲೀಟರಿಗೆ ಸುಮಾರು 5 ಚದರ ಮೀಟರ್ ಹಿಡಿಯಿರಿ, ನಿಮ್ಮ ನೆಲಕ್ಕೆ 18 ಲೀಟರ್ ಆಸುಪಾಸು. 20ರಿಂದ 30 ನಿಮಿಷ ಒದ್ದೆಯಾಗಿರಬೇಕು, ಆದರೆ ಹೊಂಡ ನಿಲ್ಲಬಾರದು. ಸೋಡಿಯಂ ಸಿಲಿಕೇಟ್ ನಿಂತಲ್ಲೇ ಒಣಗಿದರೆ ಬಿಳಿ ಪಕ್ಕು ಕಟ್ಟುತ್ತದೆ, ಅದನ್ನು ತೆಗೆಯೋಕೆ ಮತ್ತೆ ಉಜ್ಜಬೇಕು.

ಗೋಡೆಯಂಚಿನ ಪಟ್ಟಿಗೆ ದೊಡ್ಡ ಮಷಿನ್ ತಾಗುವುದಿಲ್ಲ, ಅಲ್ಲಿ ಕೈ ಗ್ರೈಂಡರ್. ಅಲ್ಲೂ ಅಷ್ಟೇ ಗ್ರಿಟ್ ಹಂತಗಳು ಆಗಬೇಕು. ಜನ ಕಳ್ಳತನ ಮಾಡುವ ಜಾಗ ಇದೇ.

ಜಾರುವುದರ ಬಗ್ಗೆ: ಒಣಗಿದ್ದರೆ ಹೆದರಬೇಕಿಲ್ಲ, ನೀರು ಎಣ್ಣೆ ಬಿದ್ದರೆ ಜಾರುತ್ತದೆ. ಬಚ್ಚಲ ಮುಂದೆ, ಅಡುಗೆಕಟ್ಟೆಯ ಬಳಿ 400ಕ್ಕೇ ನಿಲ್ಲಿಸಿ, ಅಂಗಡಿ ಭಾಗಕ್ಕೆ 800. ಅಳತೆ ಬೇಕಿದ್ದರೆ, ಒದ್ದೆಯಾಗುವ ಒಳಾಂಗಣ ಸಮತಟ್ಟು ನೆಲಕ್ಕೆ ಅಮೆರಿಕದ ಎ326.3 ಮಾನದಂಡ ಕೇಳುವ ಡೈನಾಮಿಕ್ ಘರ್ಷಣಾಂಕ (ಕಾಲಿಗೆ ಸಿಗುವ ಹಿಡಿತದ ಅಳತೆ) ಕನಿಷ್ಠ 0.42.

ನಿಂಬೆರಸ, ವಿನೆಗರ್ ಬಿದ್ದರೆ ಬರುವುದು ಕಲೆಯಲ್ಲ, ಆಮ್ಲ ನೆಲವನ್ನೇ ತಿಂದ ಗುರುತು. ಕೊನೆಗೆ ಹಚ್ಚುವ ಸ್ಟೇನ್ ಗಾರ್ಡ್ ಒರೆಸಲು ಸ್ವಲ್ಪ ಸಮಯ ಕೊಡುತ್ತದೆ, ತಡೆಯುವುದಿಲ್ಲ. ಗುರುತು ಬಿದ್ದರೆ ಅಷ್ಟು ಜಾಗಕ್ಕೆ 200, 400 ಪ್ಯಾಡ್ ಆಡಿಸಿ ಮತ್ತೆ ಗಾರ್ಡ್ ಹಚ್ಚಬೇಕು. ಆಸಿಡ್ ಕ್ಲೀನರ್ ಹತ್ತಿರ ಸೇರಿಸಬೇಡಿ.

ಕಲ್ಲುಪುಡಿ:
ಧೂಳಿನ ಬಗ್ಗೆ ಯಾರೂ ಹೇಳಿಲ್ಲ. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದರ ಸೂಕ್ಷ್ಮ ಕಣಗಳೇ ಸಿಲಿಕೋಸಿಸ್ ತರುವುದು. ಒಣ ಉಜ್ಜುವಿಕೆಗೆ ಹೆಪಾ ಫಿಲ್ಟರಿನ (ಅತಿ ಸಣ್ಣ ಕಣವನ್ನೂ ಹಿಡಿಯುವ ಜರಡಿ) ವ್ಯಾಕ್ಯೂಮ್ ಮಷಿನ್ನಿಗೇ ಕಟ್ಟಿರಬೇಕು, ಕೈ ಗ್ರೈಂಡರಿಗೂ ಮುಸುಕು ಬೇಕು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ.

ನೀರು ಹಾಕಿ ಉಜ್ಜಿದರೆ ಧೂಳಿಲ್ಲ, ಆದರೆ ರಾಡಿ. ಅದು ಕ್ಷಾರ, ಕೈ ಸುಡುತ್ತದೆ. ಚರಂಡಿಗೆ ಬಿಟ್ಟರೆ ಪೈಪಿನೊಳಗೆ ಗಟ್ಟಿಯಾಗುತ್ತದೆ. ಡ್ರಮ್ಮಿನಲ್ಲಿ ತುಂಬಿಸಿ, ನೀರು ತಿಳಿಯಾದ ಮೇಲೆ ಕೆಳಗಿನ ಗಸಿಯನ್ನು ಒಣಗಿಸಿ ಘನತ್ಯಾಜ್ಯವಾಗಿ ಸಾಗಿಸಬೇಕು. ನನ್ನ ಮಟ್ಟಿಗೆ ಮೆಟಲ್ ಹಂತ ನೀರಿನಲ್ಲಿ, ರೆಸಿನ್ ಹಂತ ಒಣ. ಒಣ ರೆಸಿನ್ನನ್ನು ಒಂದೇ ಕಡೆ ನಿಲ್ಲಿಸಿದರೆ ಬಿಸಿಯಾಗಿ ಪ್ಯಾಡಿನ ಬಣ್ಣ ನೆಲಕ್ಕೆ ಮೆತ್ತಿಕೊಳ್ಳುತ್ತದೆ, ಓಡಿಸುತ್ತಲೇ ಇರಬೇಕು.

ರಸಮಟ್ಟ:
ಮೊದಲ ಮಹಡಿಯ ಗಾರೆ ಬಾಕಿ ಉಳಿದಿದೆ. ಕಬ್ಬಿಣದ ಸರಳಿನಿಂದ ಅಡಿಗೊಂದು ಸಲ ತಟ್ಟುತ್ತಾ ಹೋಗಿ. ಡಬಡಬ ಅಂದ ಕಡೆ ಸ್ಲ್ಯಾಬಿನಿಂದ ಬಿಟ್ಟಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಮೊಳೆಯಿಂದ ಒತ್ತಿ ಗೀರಿ: ಪುಡಿ ಉದುರಿ ಕಾಲುವೆಯಾದರೆ ಅದು ಪಾಲಿಷ್ ಹಿಡಿಯುವ ಗಾರೆಯಲ್ಲ. ಡೆನ್ಸಿಫೈಯರ್ ಎರಡು ಸಲ ಕೊಟ್ಟರೆ ಧೂಳು ನಿಲ್ಲಬಹುದು, ಹೊಳಪು ಬರುವುದಿಲ್ಲ.

ಬಿಟ್ಟ ಜಾಗ ಕಡಿಮೆ ಇದ್ದರೆ ಅಷ್ಟನ್ನು ಕಿತ್ತು ಮತ್ತೆ ಹಾಕಿ, ಮೇಲ್ಮೈ ಒರಟಾಗಿ ಉಜ್ಜಿ, ಪ್ರೈಮರ್ ಹಚ್ಚಿ, ಪಾಲಿಷ್‌ಗೆಂದೇ ಮಾಡಿದ ಸೆಲ್ಫ್ ಲೆವೆಲಿಂಗ್ ಟಾಪಿಂಗ್ 10 ಮಿ.ಮೀ. ಹಾಕಬಹುದು. ಅಡಿಯ ಬಿರುಕು, ಜಾಯಿಂಟ್‌ಗಳನ್ನು ಮೇಲಿನ ಪದರಕ್ಕೂ ಕೊಯ್ಯಿರಿ, ಇಲ್ಲದಿದ್ದರೆ ತಾವೇ ಮೂಡಿ ಬರುತ್ತವೆ. ಅರ್ಧಕ್ಕರ್ಧ ಡಬಡಬ ಅಂದರೆ ಪೂರ್ತಿ ಕೀಳಿಸಿ. ಬಿಟ್ಟ ಗಾರೆಯ ಮೇಲೆ ಏನು ಹಾಕಿದರೂ ಅದೂ ಜೊತೆಗೇ ಎದ್ದು ಬರುತ್ತದೆ.